ನೀರುನಾಯಿಯ ಜಾಡು

ವಾಪೂಸ್ ಸರೋವರ, ಉತ್ತರ ಮ್ಯಾನಿಟೋಬಾ
ಮಾರ್ಚ್ 9, 1974

ಮಗಳಂಥ ಲೊರೆಟ್ಟಾಗೆ,

ನಿನಗೂ ನನ್ನ ಮೊಮ್ಮಗಳು ವೆರ್ನಾಗೂ ಈ ಅತ್ತೆಯ ನೆನಪುಗಳು. ನಿನ್ನ ಕಾಗದ ಕ್ರಿಸ್‌ಮಸ್‌ಗೆ ಮೊದಲೇ ಕೈಸೇರಿತ್ತು. ಹಿಮ ಜಾಸ್ತಿ ಬಿತ್ತು, ಟಪಾಲಿನ ವಿಮಾನ ಇಳಿಯಲಿಲ್ಲ ಎಂದೆಲ್ಲ ನೆಪ ಹೇಳಬಹುದು. ಆದರೆ ವಿಮಾನ ಆರು ಸಲ ಬಂದು ಹೋಯಿತು. ಮೂರು ಸಲ ಬರೆಯಲು ಕೂತು, ಮೂರು ಸಲವೂ ಹಾಳೆಯನ್ನು ಒಲೆಗೆ ಹಾಕಿದೆ. ತಪ್ಪು ನನ್ನದೇ, ಮನ್ನಿಸು.

ನೀನು ಎರಡು ಪ್ರಶ್ನೆ ಕಳಿಸಿದ್ದೆ. ವೆರ್ನಾಳದು ಶಾಲೆಯ ಪ್ರಬಂಧಕ್ಕೆ: ನೀರಿನಲ್ಲಿ ಬದುಕುವ ತುಪ್ಪಳದ ಪ್ರಾಣಿಗಳಲ್ಲಿ ಯಾವುದನ್ನು ಹಿಡಿಯುವುದು ಹೆಚ್ಚು ಕಷ್ಟ? ನಿನ್ನದು ಕೆಳಗೆ, ಚಿಕ್ಕ ಅಕ್ಷರದಲ್ಲಿ: "ಅತ್ತೆ, ಇಲ್ಲಿ ಪಟ್ಟಣದಲ್ಲೂ ಜನ ಆಡ್ಕೊಳ್ತಿದಾರೆ. 'ನಿಮ್ಮಪ್ಪ ಕುಡಿದು ಕೊಳಕ್ಕೆ ಬಿದ್ದು ಸತ್ತ' ಅಂತ ಕ್ಲಾಸಲ್ಲಿ ವೆರ್ನಾಗೆ ಹೇಳಿದ್ರಂತೆ. ಅವತ್ತು ಕಾಡಿನ ಗುಡಿಸಲಲ್ಲಿ ಹೊರೇಸ್ ಜೊತೆ ಇದ್ದೋರು ನೀವೊಬ್ರೇ. ನಿಜ ಹೇಳಿ." ಮಗುವಿನ ಪ್ರಶ್ನೆ ಸುಲಭದ್ದು. ಅದನ್ನು ಮೊದಲು ಹಿಡಿಯುತ್ತೇನೆ.

ಎಲ್ಲಕ್ಕಿಂತ ಸುಲಭ ನೀರಿಲಿ. ಮಂಜುಗಡ್ಡೆಯ ಮೇಲೆ ಜೊಂಡು ಗುಡ್ಡೆಹಾಕಿ ಮನೆ ಕಟ್ಟಿಕೊಂಡು, ತಾನಿಲ್ಲಿದ್ದೇನೆ ಎಂದು ಊರಿಗೆಲ್ಲ ಸಾರುತ್ತದೆ. ಗುಡ್ಡೆ ಬಗೆದು, ಒಳಗೆ ಬೋನಿಟ್ಟು, ತೂತು ಹೆಪ್ಪುಗಟ್ಟದ ಹಾಗೆ ಮತ್ತೆ ಮುಚ್ಚಿದರಾಯಿತು. ಹೊರೇಸ್ ಆರು ವರ್ಷದವನಿದ್ದಾಗ ಮೊದಲನೆಯದನ್ನು ಹಿಡಿದು, ಬಾಲ ಹಿಡಿದು ತೂಗಾಡಿಸುತ್ತಾ ಓಡಿಬಂದಿದ್ದ. "ಅಮ್ಮಾ, ನಾನೀಗ ದೊಡ್ಡೋನಾ?" ಎಂದ. "ಇಲಿ ಹಿಡ್ದೋರೆಲ್ಲ ದೊಡ್ಡೋರಾಗೋದಾದ್ರೆ ಅಂಗಡಿ ಬೆಕ್ಕು ಇಷ್ಟೊತ್ತಿಗೆ ಊರ ಮುಖಂಡ ಆಗ್ತಿತ್ತು" ಎಂದೆ. ಅತ್ತುಬಿಟ್ಟ. ಹೊಗಳಬಹುದಿತ್ತು. ನನಗೆ ಆ ಅಭ್ಯಾಸವೇ ಇರಲಿಲ್ಲ.

ಆಮೇಲೆ ಹಳ್ಳಕ್ಕೆ ಒಡ್ಡು ಕಟ್ಟಿ ಕೊಳ ಮಾಡಿಕೊಳ್ಳುವ ಬೀವರ್. ಅಲ್ಲಿ ಕೆಲಸ ರಟ್ಟೆಯದು, ತಲೆಯದಲ್ಲ. ಎರಡು ಮೊಳ ದಪ್ಪದ ಮಂಜುಗಡ್ಡೆಯನ್ನು ಹಾರೆಯಿಂದ ಒಡೆದು, ಹಸಿ ಪಾಪ್ಲರ್ ಕೊಂಬೆ ಮತ್ತು ಬೋನನ್ನು ಗೂಟಕ್ಕೆ ಕಟ್ಟಿ ಇಳಿಸಬೇಕು. ಒಂದು ಮನೆಯಿಂದ ಎರಡಕ್ಕಿಂತ ಹೆಚ್ಚು ತೆಗೆಯಬಾರದು. ತಿಂದಾದ ಮೇಲೆ ಎಲುಬನ್ನು ನಾಯಿಗಳಿಗೆ ಎಸೆಯದೆ ನೀರಿಗೇ ಹಿಂತಿರುಗಿಸಬೇಕು. ಇದನ್ನು ವೆರ್ನಾ ಮರೆಯದೆ ಬರೆಯಲಿ, ಅವಳ ಟೀಚರಿಗೆ ಗೊತ್ತಿರಲಾರದು.

ಮಿಂಕ್ ತಾಳ್ಮೆ ಕೇಳುತ್ತದೆ. ದಡದ ಪ್ರತಿ ಬಿಲಕ್ಕೂ ಮೂತಿ ತೂರಿಸುವ ಅಧಿಕಪ್ರಸಂಗಿ ಅದು, ಆದರೆ ಮನುಷ್ಯನ ಕೈವಾಸನೆ ಚೂರು ತಾಕಿದರೂ ತಿರುಗಿ ಹೋಗುತ್ತದೆ. ಅದಕ್ಕೇ ಕೊಳೆಸಿದ ಮೀನೆಣ್ಣೆ ಸವರುವುದು. ಹೊರೇಸ್ ಆ ಎಣ್ಣೆಯನ್ನು ಹಳೆಯ ವಿಸ್ಕಿ ಬಾಟಲಿಯಲ್ಲಿ ತುಂಬಿ, ಹೆಪ್ಪುಗಟ್ಟದಿರಲೆಂದು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಕೋಟನ್ನು ಊರಿಗೆ ತರುತ್ತಿರಲಿಲ್ಲ. "ಇದನ್ನ ಹಾಕ್ಕೊಂಡು ಹೋದ್ರೆ ಲೊರೆಟ್ಟಾ ನನ್ನ ನಾಯಿಗಳ ಜೊತೆ ಮಲಗಿಸ್ತಾಳೆ" ಎನ್ನುತ್ತಿದ್ದ.

ಊರಿನಿಂದ ಎಫ್ರೇಮ್ ಮತ್ತು ಅವನ ಭಾವಮೈದುನ ಬಂದು ಹೊರೇಸನನ್ನು ನೀರಿನಿಂದ ಎತ್ತಿದಾಗ ಜೇಬಿನಲ್ಲಿ ಸಿಕ್ಕಿದ್ದು ಆ ಬಾಟಲಿ. ಬಿರಡೆ ಬಿದ್ದು ಎಣ್ಣೆಯೆಲ್ಲ ಹೋಗಿತ್ತು. ಯಾರೂ ಮೂಸಿ ನೋಡಲಿಲ್ಲ, ಮೇಲಿನ ಚೀಟಿ ನೋಡಿದರು. ಎಫ್ರೇಮ್ ಟೋಪಿ ತೆಗೆದು, "ಪಾಪ, ಚಳಿಗೆ ಒಂದು ಗುಟುಕು ಹಾಕ್ಕೊಂಡಿದ್ದ ಅನ್ಸುತ್ತೆ ಅಕ್ಕಾ" ಎಂದ. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಆ ಒಂದು ಗುಟುಕು ಊರು ಸೇರುವಷ್ಟರಲ್ಲಿ ಇಡೀ ಬಾಟಲಿಯಾಗಿತ್ತು.

ಲೊರೆಟ್ಟಾ, ನಿನ್ನ ಗಂಡ ಕುಡಿದಿರಲಿಲ್ಲ. ಬ್ಯಾನಕ್ ರೊಟ್ಟಿಯನ್ನು ಟೀಯಲ್ಲಿ ಅದ್ದಿಕೊಂಡು ನನ್ನೆದುರಿಗೇ ತಿಂದು ಹೋದವನು ಅವನು. ಈ ಒಂದು ಮಾತನ್ನು ಹದಿನಾಲ್ಕು ತಿಂಗಳು ಬಾಯಲ್ಲಿಟ್ಟುಕೊಂಡೆ. ನಿನ್ನ ಮಗಳು ಊರವರ ಕಣ್ಣು ತಪ್ಪಿಸಿ ತಲೆ ತಗ್ಗಿಸಿ ನಡೆಯುವುದನ್ನು ನೋಡಿಯೂ ಹೇಳಲಿಲ್ಲ. ನೀವಿಬ್ಬರೂ ಪಟ್ಟಣಕ್ಕೆ ಹೊರಟ ದಿನ ವಿಮಾನದ ಹತ್ತಿರ ನಿಂತು ಕೈ ಬೀಸಿದೆ, ಆಗಲೂ ಹೇಳಲಿಲ್ಲ.

ಇನ್ನು ಉಳಿದದ್ದು ನೀರುನಾಯಿ. ಅದೇ ಎಲ್ಲಕ್ಕಿಂತ ಕಷ್ಟ. ಅದಕ್ಕೆ ಮನೆಯಿಲ್ಲ, ಮಠವಿಲ್ಲ. ಇವತ್ತು ಕಂಡ ಕೊಳಕ್ಕೆ ಮತ್ತೆ ಬರಲು ಮೂರು ವಾರ ಬೇಕು. ಆಸೆ ತೋರಿಸಿದರೆ ತಿರುಗಿಯೂ ನೋಡುವುದಿಲ್ಲ, ತನ್ನ ಮೀನು ತಾನೇ ಹಿಡಿಯುತ್ತದೆ. ಸಿಕ್ಕಿಬಿದ್ದರೂ ಬೋನನ್ನೇ ಕಿತ್ತುಕೊಂಡು ಹೋಗುವಷ್ಟು ಬಲ. ಅದು ಹಾಯುವ ಜಾಗ ಬಲ್ಲವರಿಗೆ ಮಾತ್ರ ಅದು ಸಿಗುತ್ತದೆ, ಮತ್ತು ಆ ಜಾಗವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಲವತ್ತು ಚಳಿಗಾಲದಲ್ಲಿ ನಾನು ಹನ್ನೊಂದು ಹಿಡಿದಿದ್ದೆ. ಹೊರೇಸ್ ಒಂದೂ ಹಿಡಿದಿರಲಿಲ್ಲ. ಮೂವತ್ತೊಂದು ವರ್ಷದ ಗಂಡಸನ್ನು ಅಂಗಡಿಯಲ್ಲಿ ನಾಲ್ಕು ಜನರೆದುರು "ನಮ್ಮನೆ ಇಲಿಬೇಟೆಗಾರ" ಎಂದು ಕರೆಯುತ್ತಿದ್ದೆ.

ಆ ಚಳಿಗಾಲ ಅವನು ಹಟಕ್ಕೆ ಬಿದ್ದಿದ್ದ. "ಅಮ್ಮಾ, ಈ ಸಲ ನೀರುನಾಯಿ ನಂದು. ತೊಗಲಲ್ಲಿ ಲೊರೆಟ್ಟಾಗೆ ಟೋಪಿ. ನೀನು ಒಲೆ ಹತ್ರ ಕೂತ್ಕೊಂಡು ನನ್ನ ಚರ್ಮಗಳನ್ನ ಹದ ಮಾಡು, ಸಾಕು."

"ಹಿಡಿ ನೋಡೋಣ. ನೀನು ಹಿಡಿಯೋಷ್ಟರಲ್ಲಿ ಲೊರೆಟ್ಟಾ ತಲೆ ಬೆಳ್ಳಗಾಗಿರುತ್ತೆ" ಎಂದೆ. ಇಬ್ಬರೂ ನಕ್ಕೆವು. ಅವನ ನಗು ನನ್ನದಕ್ಕಿಂತ ಬೇಗ ನಿಂತಿತು.

ವೆರ್ನಾಗೆ ಇಷ್ಟು ಸಾಕು. ಚೆನ್ನಾಗಿ ಬರೆದು ಒಳ್ಳೆಯ ಅಂಕ ತೆಗೆಯಲಿ. ಅವಳಿಗೊಂದು ಜೊತೆ ಮೊಕಾಸಿನ್ ಮೆಟ್ಟು ಕಳಿಸುತ್ತಿದ್ದೇನೆ, ಕಾಲು ಬೆಳೆದಿರಬಹುದೆಂದು ಒಂದು ಬೆರಳು ದೊಡ್ಡದೇ ಹೊಲಿದಿದ್ದೇನೆ. ನಿನ್ನ ಕೆಮ್ಮು ಬೇಗ ವಾಸಿಯಾಗಲಿ, ನಿಮ್ಮ ಒಲೆ ಎಂದೂ ತಣ್ಣಗಾಗದಿರಲಿ. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅತ್ತೆ,
ಜೋಸೆಟ್

ತಾ.ಕ.: ಕುಡಿಯದಿದ್ದರೆ ಮಂಜುಗಡ್ಡೆಯ ಗುಣ ಅಷ್ಟು ಬಲ್ಲವನು ಹೇಗೆ ಬಿದ್ದ ಎಂದು ನೀನು ಕೇಳೇ ಕೇಳುತ್ತೀಯ. ಊರೂ ಕೇಳುತ್ತಿತ್ತು. ಆ ಪ್ರಶ್ನೆ ಏಳಬಾರದೆಂದೇ ಬಾಟಲಿಯ ಸುದ್ದಿಯನ್ನು ಬೆಳೆಯಲು ಬಿಟ್ಟೆ.

ಅವನು ಬೀವರ್ ಬೋನು ಇಟ್ಟಿದ್ದ ಕೊಳದ ಒಡ್ಡನ್ನು ಮೂರು ದಿನ ಮೊದಲು ನೀರುನಾಯಿ ಕೊರೆದಿತ್ತು. ಮೀನಿನಾಸೆಗೆ ಚಳಿಗಾಲದಲ್ಲಿ ಅದು ಹಾಗೆ ಮಾಡುತ್ತದೆ, ಮೀನು ಮುಗಿಯುವ ತನಕ ಆ ಕೊಳ ಬಿಡುವುದಿಲ್ಲ. ಒಳಗಿನ ನೀರು ಸೋರಿ ಇಳಿಯುತ್ತದೆ, ಗಡ್ಡೆ ಮಾತ್ರ ಮೇಲೆ ಟೊಳ್ಳಾಗಿ ನಿಂತಿರುತ್ತದೆ. ಒಡ್ಡಿನ ಮೇಲೆ ಅದು ಜಾರಿಹೋದ ಜಾಡು ನನ್ನ ಕಣ್ಣಿಗೆ ಬಿತ್ತು. ಹೊರೇಸ್ ಕಂಡರೆ ತಾನೇ ಬೋನಿಡುತ್ತಾನೆಂದು, ಸ್ಪ್ರೂಸ್ ಕೊಂಬೆ ಮುರಿದು ಜಾಡನ್ನೆಲ್ಲ ಗುಡಿಸಿದೆ. ಕೊರೆದ ಬಾಯಿ ಕಾಣದಂತೆ ಹಿಮ ಹರಡಿದೆ. ನನ್ನ ಬೋನನ್ನು ಅಲ್ಲೇ ನೀರಡಿ ಇಟ್ಟೆ. ಗಡ್ಡೆ ಟೊಳ್ಳಾಗುತ್ತದೆಂದು ನನಗೆ ಗೊತ್ತಿತ್ತು. ಅವನು ಆ ಕೊಳಕ್ಕೆ ಹೋಗುವುದು ಶನಿವಾರ, ಅಷ್ಟರಲ್ಲಿ ನೀರುನಾಯಿ ಸಿಕ್ಕಿರುತ್ತದೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅವನು ಗುರುವಾರವೇ ಹೊರಟ. "ಬೋನು ನೋಡ್ಕೊಂಡು ಬರ್ತೀನಮ್ಮಾ" ಎಂದ. ಯಾವ ಕಡೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಗುಟ್ಟು ಬಿಡಬೇಕಾಗುತ್ತಿತ್ತು.

ಹಿಂದಿನ ವಾರ ತಾನೇ ತಟ್ಟಿ ನೋಡಿದ್ದ ಗಡ್ಡೆಯಾದ್ದರಿಂದ ಧೈರ್ಯವಾಗಿ ನಡೆದಿದ್ದಾನೆ. ಬಿದ್ದಾಗ ಮೇಲಿನ ಅಂಚು ಅವನ ಕೈಗೆ ಎಟುಕದಷ್ಟು ಎತ್ತರದಲ್ಲಿತ್ತು. ಕೈಗವಸು ಕಿತ್ತೆಸೆದು ಗಡ್ಡೆಯನ್ನು ಪರಚಿದ್ದಾನೆ. ಅವನ ಉಗುರುಗಳನ್ನು ತೊಳೆದವಳು ನಾನು. ಮರುದಿನ ಒಡ್ಡಿನ ಬೋನು ತೆಗೆಯಲು ಹೋದೆ, ಅದರಲ್ಲಿ ನೀರುನಾಯಿ ಇತ್ತು. ತೊಗಲು ಸುಲಿಯದೆ ಹಾಗೇ ನೀರಿಗೆ ಬಿಟ್ಟೆ.

ಈ ಕಾಗದ ನಿನಗೆ ಮುಟ್ಟುವಷ್ಟರಲ್ಲಿ ಎಫ್ರೇಮನಿಗೂ ಉಳಿದವರಿಗೂ ಚರ್ಚಿನ ಅಂಗಳದಲ್ಲಿ ಎಲ್ಲ ಹೇಳಿರುತ್ತೇನೆ. ನೀನು ಇವತ್ತೇ ವೆರ್ನಾಗೆ ಹೇಳು. ಅವಳು ಕ್ಲಾಸಿನಲ್ಲಿ ತಲೆಯೆತ್ತಿ ಹೇಳಲಿ: ನಮ್ಮಪ್ಪ ಕುಡಿದಿರಲಿಲ್ಲ, ನಮ್ಮಜ್ಜಿ ಅವನಿಂದ ಜಾಡು ಮುಚ್ಚಿಟ್ಟಳು. ಆಮೇಲೆ ಅವಳು ನನಗೆ ಬರೆಯದಿದ್ದರೆ ನನಗೇನೂ ಬೇಸರವಿಲ್ಲ ಎಂದು ಬರೆಯಹೊರಟೆ. ಅದು ಸುಳ್ಳು. ಪ್ರತಿ ವಿಮಾನಕ್ಕೂ ದಡಕ್ಕೆ ಹೋಗಿ ನಿಲ್ಲುತ್ತೇನೆ.