ಬಾಣಂತಿ ಕೋಣೆಯ ಪರದೆ

ಧಾರವಾಡ
ಫೆಬ್ರುವರಿ ೩೦, ೨೧೮೪

ಒಂದೂವರೆ ಶತಮಾನದ ಹಿಂದಿನ ಹಿರಿಯರಿಗೆ ನೀಲಗಂಗಾ ಮಾಡುವ ಶರಣು.

ಈ ತಾರೀಖು ನಿಮಗೆ ವಿಚಿತ್ರ ಎನಿಸಬಹುದು. ನಿಮ್ಮ ಕ್ಯಾಲೆಂಡರನ್ನು ನಾವು ತಿದ್ದಿಕೊಂಡಿದ್ದೇವೆ. ನನ್ನ ಕೆಲವು ಪದಗಳೂ ಹೊಸವೆನಿಸಿದರೆ ಕ್ಷಮೆಯಿರಲಿ. ಮಾತಿನ ಖಾರಕ್ಕೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮ ಮನೆಗಳ ಕಿಟಕಿಗೆ ಹಗ್ಗವಿಲ್ಲ, ಹಿಡಿಯಿಲ್ಲ. ನಾಳೆ ಯಾವ ಕೋಣೆಗೆ ಎಷ್ಟು ಬಿಸಿಲು ಬೀಳುತ್ತದೆಂದು ‘ಮುನ್ಬೆಳಕು’ ಎಂಬ ವ್ಯವಸ್ಥೆ ಇಂದೇ ಲೆಕ್ಕ ಹಾಕಿರುತ್ತದೆ. ಮೋಡ ಕವಿಯುವ ಮೊದಲೇ ದೀಪ ಹೊತ್ತುತ್ತದೆ, ಬಿಸಿಲು ಚುರುಗುಟ್ಟುವ ಮೊದಲೇ ಪರದೆಯ ಪಟ್ಟಿಗಳು ಮುಚ್ಚಿಕೊಳ್ಳುತ್ತವೆ. ಆ ದೀಪಗಳ ಹದವಾದ ಬೆಳಕಿಗೆ ‘ಒಳಹಗಲು’ ಎನ್ನುತ್ತೇವೆ. ಅದರಲ್ಲಿ ಎಲ್ಲರ ಮುಖವೂ ಹೊಂಬಣ್ಣಕ್ಕೆ ತಿರುಗಿ ಕಳೆಕಳೆಯಾಗಿ ಕಾಣುತ್ತದೆ. ವಿದ್ಯುತ್ತೂ ಉಳಿಯುತ್ತದೆ, ಸುಳ್ಳೇಕೆ ಹೇಳಲಿ.

ಈ ಮುನ್ಬೆಳಕಿಗೆ ಮನೆಯ ರೀತಿನೀತಿ ಕಲಿಸಿದವರು ನೀವು. ಬಾಣಂತಿ ಕೋಣೆ ಮುಚ್ಚಿರಬೇಕು, ಗಾಳಿ ಬೆಳಕು ತಾಕಬಾರದು ಎಂದು ಹೇಳಿಕೊಟ್ಟಿರಿ. ಕೂಸಿಗೆ ಎಣ್ಣೆ ಹಚ್ಚಿ ಎರೆದ ಮೇಲೆ ಎಳೆಬಿಸಿಲಿಗೆ ಹಿಡಿದು ಕಣ್ಣು, ಅಂಗಾಲು, ಮೈಬಣ್ಣ ನೋಡುತ್ತಿದ್ದಿರಲ್ಲ, ಅದನ್ನು ಹೇಳಲೇ ಇಲ್ಲ. ಅರ್ಧ ಪದ್ಧತಿ ಕಲಿಸಿ ಕೈತೊಳೆದುಕೊಂಡಿರಿ.

ಹೋದ ವರ್ಷ ನಾನು ಹೆತ್ತೆ. ಮಗು ಚೆನ್ನಾಗಿದೆ ಎಂದೇ ಆಸ್ಪತ್ರೆಯಿಂದ ಕಳಿಸಿದ್ದರು. ಮನೆಗೆ ಬಂದ ಕೆಲವೇ ದಿನಕ್ಕೆ ಅದು ಹಾಲು ಬಿಟ್ಟು ಮಂಕಾಗಿ ಮಲಗಿತು. ಒಳಹಗಲಿನಲ್ಲಿ ಮಾತ್ರ ಚಿನ್ನದ ಗೊಂಬೆಯಂತೆ ಹೊಳೆಯುತ್ತಿತ್ತು. ನೋಡಲು ಬಂದವರೆಲ್ಲ ಬಣ್ಣ ಹೊಗಳಿ ಹೋದರು. ನನ್ನ ಅವ್ವ ಗುರಸಿದ್ಧವ್ವ ಒಬ್ಬಳೇ ಒಪ್ಪಲಿಲ್ಲ. “ಈ ದೀಪದಾಗ ನನಗೇನೂ ತಿಳಿಯಂಗಿಲ್ಲವಾ. ಕೂಸಿನ್ನ ಬಿಸಲಾಗ ನೋಡಬೇಕು, ಪರದೆ ತಗಸು,” ಎಂದಳು. ಮೂವತ್ತನೆಯ ಅಂತಸ್ತಿನ ಮನೆಗೆ ಅಂಗಳವೆಲ್ಲಿ? ಹೊಸಿಲಾಚೆಗೂ ಒಳಹಗಲೇ. ನಾನು ಪರದೆ ತೆರೆಯೆಂದು ಹೇಳಿದೆ, ಬೇಡಿದೆ, ಕೂಗಿದೆ. ಇದು ಬಾಣಂತಿ ಕೋಣೆ, ಪ್ರಖರ ಬಿಸಿಲಿನ ಮುನ್ಸೂಚನೆಯೂ ಇದೆ ಎಂದು ಮುನ್ಬೆಳಕು ಪ್ರತಿ ಸಲವೂ ಅಷ್ಟೇ ವಿನಯದಿಂದ ನಿರಾಕರಿಸಿತು. ಆ ವಿನಯ ನೆನೆದರೆ ಈಗಲೂ ಮೈ ಉರಿಯುತ್ತದೆ.

ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ತಂದಳು. ಪಟ್ಟಿಗಳ ನಡುವೆ ತುರುಕಿ ಮೀಟಿದಳು. ಅಂಗೈಯಗಲ ಬಿಸಿಲು ಮಗುವಿನ ಮೇಲೆ ಬಿತ್ತು. ಕಣ್ಣಿನ ಬಿಳಿ, ಎದೆ, ಅಂಗಾಲು, ಎಲ್ಲ ಅರಿಸಿನ ಹಚ್ಚಿದ ಹಾಗೆ ಹಳದಿ. ಕಾಮಾಲೆಯನ್ನು ನಾವು ಚೆಲುವು ಎಂದುಕೊಂಡಿದ್ದೆವು.

ಮಗು ಬದುಕಿತು. ಆಸ್ಪತ್ರೆಯವರು ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿಯೇ ವಾಸಿ ಮಾಡಿದರು. ಹಾಗಾಗಿ ದೀಪದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಿಮ್ಮ ಮೇಲೆ. ಪರದೆ ಎಳೆಯುವಷ್ಟು ಕೆಲಸವೂ ಭಾರವಾಯಿತೇ ನಿಮಗೆ? ಹಗ್ಗ ಕಿತ್ತುಹಾಕುವಾಗ ಬೇಡವೆನ್ನಲು ಒಬ್ಬರಿಗೂ ಬಾಯಿ ಬರಲಿಲ್ಲವೇ? ಮುನ್ಬೆಳಕು ಈ ಪ್ರಸಂಗದಿಂದ ಕಲಿತದ್ದು ಒಂದೇ: ಈಗ ಅವ್ವ ಕೋಣೆಗೆ ಕಾಲಿಟ್ಟರೆ ಪಟ್ಟಿಗಳು ಇನ್ನಷ್ಟು ಬಿಗಿಯುತ್ತವೆ.

ಬರುವ ತಿಂಗಳು ನನ್ನ ತಂಗಿಯ ಹೆರಿಗೆ. ಅವಳ ಮನೆಯ ಪರದೆಗಳು ಎರಡು ಗಾಜುಗಳ ನಡುವೆ ಇವೆ, ಲಟ್ಟಣಿಗೆ ತೂರುವುದಿಲ್ಲ. ನೀವು ಇದನ್ನು ಓದುವ ಕಾಲದಲ್ಲಿ ಕಿಟಕಿಯ ಹಗ್ಗ ಇನ್ನೂ ನಿಮ್ಮ ಕೈಯಲ್ಲಿದೆ. ಪ್ರತಿ ಮನೆಯಲ್ಲಿ ಒಂದು ಕಿಟಕಿಯನ್ನಾದರೂ ಮನುಷ್ಯರ ಕೈಗೆ ಉಳಿಸಿ. ಉಳಿಸಿದಿರೋ ಇಲ್ಲವೋ ನನಗೆ ಬೇಗ ತಿಳಿಯುತ್ತದೆ. ಅವ್ವ ಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು ತಂಗಿಯ ಮನೆಗೆ ಹೊರಟಿದ್ದಾಳೆ. ಅದನ್ನು ಅವಳು ಹೊರತೆಗೆಯಬೇಕಾಗಿ ಬಂದರೆ, ಈ ಕಾಗದ ನಿಮಗೆ ಮುಟ್ಟಲಿಲ್ಲ ಎಂದುಕೊಳ್ಳುತ್ತೇನೆ.