ಡಬ್ಬಿ ಬುಡದಾಗಿನ ಸೀಳು

ಅಪ್ಪಾ,

ನೀ ಹೋದ ಮ್ಯಾಲ ಗಾಡಿಗೆ ನಾ ಹಾಕಿದ ನೀರೂ ನಿಲ್ಲವಲ್ಲದಾತು. ಅದಕ್ಕ ಇವತ್ತ ಮುಂಜಾನೆ ಇಂಜಿನ್ ತಂಪ ಇಡೂ ನೀರಿನ ಕೂಲಂಟ್ ಡಬ್ಬಿ ಮನ್ಯಾಗ ನಾನ ಬದಲಿ ಮಾಡಿದೆ. ಹಳೇದು ಬಿಚ್ಚಿ ತಗದಾಗ ಬುಡದಾಗ ಕೂದಲೆಳಿಯಂಥ ಒಂದು ಸೀಳು ಕಂಡಿತು. ಮ್ಯಾಲಿಂದ ಎಷ್ಟ ಬಗ್ಗಿ ನೋಡಿದರೂ ಕಾಣೂ ಜಾಗಾ ಅಲ್ಲ ಅದು.

ನೀ ದಿನಾ ಲಿಂಗಪೂಜಿ ಮುಗಿಸಿ, ತಾಮ್ರದ ತಂಬಗೀಲೆ ಅದಕ್ಕ ನೀರ ಹಾಕತಿದ್ದಿ. ಬಸರಿ ತಂಗಿ ಕುಬಸಕ್ಕ ಗಂಡನ ಮನಿಗೆ ಹೊಂಟಾಗ ಮುಚ್ಚಂಡಿ ಊರ ಹತ್ರ ಇಂಜಿನ್ ಕಾದು ಗಾಡಿ ನಿಂತಿತು. ಡಬ್ಬ್ಯಾಗ ಹನಿ ನೀರ ಇರಲಿಲ್ಲ. ಆಕೀನ್ನ ಕರಕೊಂಡು ಹೋಗಾಕ ಬಂದ ಬೀಗರ ಮುಂದನ, ನೀರ ಯಾಕ ಹಾಕಿಲ್ಲಂತ ನಿನ್ನ ಮ್ಯಾಲ ಒದರಿದೆ. "ನಾ ಹಾಕೀನೋ ಈಶ್ವರಾ" ಅಂತ ನನಗ ಒಂದ ಮಾತು ಅಂದಿ. ಆಮ್ಯಾಗ ಕಡೀತನಕ ಈ ಗಾಡಿ ಹತ್ತಲಿಲ್ಲ. ಎಲ್ಲಿ ಹೋದರೂ ಸರಕಾರಿ ಎಸ್‌ಟಿ ಬಸ್ಸ.

ಹೊಸ ಡಬ್ಬಿ ಕುಂದರಿಸಿದ ಮ್ಯಾಲ ಹಳೇದನ್ನ ಕಟ್ಟಿ ಮ್ಯಾಲ ಇಟ್ಟು, ನಿನ್ನ ತಂಬಗಿ ತುಂಬಿ ತಂದು ಅದಕ್ಕ ಹಾಕಿದೆ.

"ಒಡದ ಡಬ್ಬಿಗೆ ಯಾಕ್ರಿ ನೀರ?" ಅಂದಳು ನಿನ್ನ ಸೊಸಿ.

ನೀರ ಹನಿಹನಿ ಇಳದು ಕಟ್ಟಿ ತೊಯ್ತು. ಡಬ್ಬಿ ಪೂರ್ತಿ ಖಾಲಿ ಆಗೂ ತನಕ ಕುಂತ ನೋಡಿದೆ.

ಹಾಕಿದ್ದಿ, ಅಪ್ಪಾ.