ಎರಡನೇ ಲಿಫ್ಟಿನ ಹಸಿರು ದೀಪ

ಮಾರ್ಚ್ 4, ಸೋಮವಾರ

ಆರೂವರೆಗೇ ಡಿಪೋ. ಬಸ್ಸು ಎತ್ತುವ ನಾಲ್ಕನೇ ಲಿಫ್ಟಿನ ಸಿಲಿಂಡರ್ ಒರೆಸಿ, ಗ್ರೀಸ್ ತೆಗೆದು, ಸೆನ್ಸರ್ ಅಂಟಿಸಿದೆ. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು. ಇದಕ್ಕಾಗಿ ಎರಡು ವರ್ಷ ಅರ್ಜಿ ಬರೆದಿದ್ದೇನೆ.

ಗೇರ್‌ಬಾಕ್ಸ್ ಅಣ್ಣ ಬಗ್ಗಿ ನೋಡಿದರು. ದಿನವಿಡೀ ಎತ್ತಿದ ಬಸ್ಸಿನ ಕೆಳಗೆ ನಿಂತು ಕೆಲಸ ಮಾಡುವವರು. ನೋಟಿಸ್ ಬೋರ್ಡಿಗೆ ಬರೆದು ಅಂಟಿಸುವ ನನಗೆ ‘ಕರಪತ್ರ’ ಎಂದು ಹೆಸರಿಟ್ಟವರೂ ಅವರೇ.

“ಏನಮ್ಮಾ ಕರಪತ್ರ, ನಾವು ಸೂಪರ್‌ವೈಸರನ್ನ ಬೈಯೋದೆಲ್ಲ ಇದಕ್ಕೆ ಕೇಳ್ಸುತ್ತಾ?”

“ಇಲ್ಲ ಅಣ್ಣ. ಎಣ್ಣೆ ನುಸುಳೋ ಸದ್ದು ಮಾತ್ರ.”

“ನಮ್ಮನೇಲೂ ಒಬ್ಬ ಹೀಗೇ ಇದ್ದಾನೆ. ನಾನು ಹೇಳೋದು ಬಿಟ್ಟು ಮಿಕ್ಕಿದ್ದೆಲ್ಲ ಕೇಳ್ಸುತ್ತೆ.”

ನಕ್ಕೆ. ಆದರೂ ಬಿಡದೆ ವಿವರಿಸಿದೆ. ಸಿಲಿಂಡರಿನೊಳಗೆ ರಬ್ಬರಿನ ಸೀಲ್. ಅದು ಸವೆದರೆ ಎಣ್ಣೆ ಒಳಗೊಳಗೇ ದಾರಿ ಮಾಡಿಕೊಳ್ಳುತ್ತದೆ, ಬಸ್ಸು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಯುತ್ತದೆ. ನುಸುಳುವ ಸದ್ದು ನಮ್ಮ ಕಿವಿಗೆ ನಿಲುಕದು, ಸೆನ್ಸರಿಗೆ ನಿಲುಕುತ್ತದೆ. ಅಣ್ಣ ತಲೆಯಾಡಿಸಿದರು. ಅರ್ಥವಾಯಿತೋ, ಟೀ ಹೊತ್ತಾಯಿತೋ...

ಮಾರ್ಚ್ 5

ಆರೋಗ್ಯದ ಸದ್ದು ಕಲಿಸುವ ದಿನ. ನಾಲ್ಕಕ್ಕೂ ಹೋದ ವಾರ ಹೊಸ ಸೀಲ್ ಬಿದ್ದಿದೆ, ಹಾಕಿದ್ದು ದೊಡ್ಡಪ್ಪ, ಈ ಡಿಪೋದ ಹಳೇ ಮೆಕ್ಯಾನಿಕ್. ಲಿಫ್ಟುಗಳ ರಿಪೇರಿ ಕಾರ್ಡಿನಲ್ಲಿ ಅವರ ಸಹಿ. ಬಸ್ಸು ಎತ್ತಿ ಹತ್ತು ನಿಮಿಷ ನಿಲ್ಲಿಸಿ, ಆ ಸದ್ದನ್ನು ‘ಸರಿ’ ಎಂದು ಉಳಿಸಿದೆ. ಇನ್ನು ಅದರ ಎರಡು ಪಟ್ಟಾದರೆ ದೀಪ ಹಳದಿ, ಮೂರು ಪಟ್ಟಾದರೆ ಕೆಂಪು.

ನಾಲ್ಕೂ ದೀಪ ಹಸಿರು. ಚಪ್ಪಾಳೆ ಹೊಡೆದದ್ದು ನಾನೊಬ್ಬಳೇ.

ಮಾರ್ಚ್ 11, ಸೋಮವಾರ

ದೊಡ್ಡಪ್ಪನಿಗೆ ಕಣ್ಣಿನ ಆಪರೇಷನ್. ಮುಂದಿನ ತಿಂಗಳು ಎಂದಿದ್ದರು, ಆಸ್ಪತ್ರೆಯವರು ಇದ್ದಕ್ಕಿದ್ದಂತೆ ಇಂದೇ ಕರೆದರು. ಒಂದು ತಿಂಗಳು ರಜೆ. ಓದು ಬರಹ ಬೇಡವಂತೆ.

“ಓದೋದನ್ನೆಲ್ಲ ನೀನೇ ಓದಿ ಮುಗಿಸಿದ್ದೀಯಲ್ಲ” ಎಂದರು ದೊಡ್ಡಮ್ಮ. ನನ್ನ ಮಂಚದ ಕೆಳಗಿನ ಕಾರ್ಮಿಕ ಹೋರಾಟದ ಪುಸ್ತಿಕೆಗಳ ಮೇಲೆ ಅವರಿಗೆ ಹಳೇ ಸಿಟ್ಟು. ಕಸ ಗುಡಿಸೋಕೆ ಅಡ್ಡ.

ಮಾರ್ಚ್ 13

ಕಬ್ಬಿಣದ ಸ್ಟ್ಯಾಂಡುಗಳ ವಿಷಯ. ಬಸ್ಸು ಎತ್ತಿದ ಮೇಲೆ ಕೆಳಗೆ ನಾಲ್ಕು ಸ್ಟ್ಯಾಂಡ್ ಇಡಬೇಕು, ಲಿಫ್ಟ್ ಇಳಿದರೂ ಬಸ್ಸು ಅವುಗಳ ಮೇಲೆ ಕೂರಲಿ ಎಂದು. ಒಂದೊಂದನ್ನೂ ಇಬ್ಬರು ಹೊರಬೇಕು. ಗೇರ್‌ಬಾಕ್ಸ್ ಅಣ್ಣನ ಸೊಂಟ ಹೋದದ್ದೇ ಅದರಿಂದ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬರುತ್ತಾರೆ. ಇದೂ ಶೋಷಣೆಯೇ.

ನೋಟಿಸ್ ಬೋರ್ಡಿಗೆ ಬರೆದು ಅಂಟಿಸಿದೆ: “ಸಂಗಾತಿಗಳೇ! ಭಯ ಹೊರುವುದನ್ನು ನಿಲ್ಲಿಸಿ. ಹಸಿರು ದೀಪವಿರುವಾಗ ಸ್ಟ್ಯಾಂಡ್ ಏಕೆ? ವಿಜ್ಞಾನ ದುಡಿಯುವವರ ಸ್ವತ್ತು!”

ಸೂಪರ್‌ವೈಸರ್ ಓದಿದರು. ಹರಿಯಲಿಲ್ಲ. ನನ್ನ ಬರಹ ಅವರು ಹರಿಯದೆ ಬಿಟ್ಟದ್ದು ಇದೇ ಮೊದಲು. ಸ್ಟ್ಯಾಂಡ್ ಇಡುವ ಹೊತ್ತು ಉಳಿದರೆ ದಿನಕ್ಕೆ ಎರಡು ಬಸ್ಸು ಹೆಚ್ಚು ಹೊರಬೀಳುತ್ತವಲ್ಲ.

ಮಾರ್ಚ್ 16

ಸ್ಟ್ಯಾಂಡುಗಳು ಮೂಲೆ ಸೇರಿವೆ. ಅಣ್ಣ ಪಟ್ಟಿ ಬಿಚ್ಚಿ ಬಂದಿದ್ದರು. “ಸೊಂಟ ಇರೋದೇ ಮರ್ತುಹೋಗಿದೆ ಕಣಮ್ಮ” ಎಂದರು. ಎಷ್ಟು ಪುಸ್ತಿಕೆ ಓದಿದರೂ ಇಷ್ಟು ಖುಷಿಯಾಗಿರಲಿಲ್ಲ.

ದೊಡ್ಡಪ್ಪನಿಗೆ ಹೇಳಿಲ್ಲ. ಹೇಳಿದರೆ ಬೈಗುಳ. ಕಣ್ಣು ವಾಸಿಯಾಗಿ ಬಂದು ತಾವೇ ನೋಡಲಿ.

ಮಾರ್ಚ್ 28, ಗುರುವಾರ. ಮಧ್ಯಾಹ್ನ 3.30

ಆದದ್ದನ್ನು ಆದ ಹಾಗೆ ಬರೆಯಬೇಕು.

ಊಟ ಮುಗಿಸಿ ಎರಡನೇ ಲಿಫ್ಟಿನ ಕೆಳಗೆ ಹೋದ ಗೇರ್‌ಬಾಕ್ಸ್ ಅಣ್ಣ “ಅಯ್ಯಪ್ಪಾ” ಎಂದು ನೆತ್ತಿ ಹಿಡಿದುಕೊಂಡರು.

“ಬೆಳಿಗ್ಗೆ ತಾಗದ ಬಸ್ಸು ಈಗ ತಾಗ್ತಿದೆ. ಐವತ್ತೊಂದನೇ ವರ್ಷಕ್ಕೆ ಉದ್ದ ಆಗ್ತಿದ್ದೀನಿ ನೋಡ್ರೋ!”

ಎಲ್ಲರೂ ನಕ್ಕರು. ನಾನೂ. ಆಮೇಲೆ ದೀಪ ನೋಡಿದೆ. ಹಸಿರು. ಆದರೂ ಸ್ಕೇಲ್ ತಂದು ನೆಲದಿಂದ ಆಕ್ಸಲಿಗೆ ಅಳೆದೆ. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಅಳೆದೆ. ಐದು ಮಿಲಿಮೀಟರ್ ಕಡಿಮೆ.

ಆ ಇಪ್ಪತ್ತು ನಿಮಿಷವೂ ಅವರು ಕೆಳಗೇ ಇದ್ದರು. ನಾನು ಸ್ಕೇಲ್ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಹಸಿರು ಇದೆಯಲ್ಲ, ಅದಕ್ಕೇ.

“ಅಣ್ಣ, ಹೊರಗೆ ಬನ್ನಿ!”

“ಇರು, ಒಂದು ಬೋಲ್ಟು—”

“ಬೋಲ್ಟು ಹಾಳಾಗಿ ಹೋಗ್ಲಿ! ಬನ್ನಿ!”

ನನ್ನ ಮುಖ ನೋಡಿ ಬಂದರು. ನಾಲ್ಕು ಜನ ಓಡಿ ಸ್ಟ್ಯಾಂಡ್ ಇಟ್ಟರು.

ಸಂಜೆ 5

ಸದ್ದು ಕಲಿಸಿದ ದಿನದ ಅಂಕಿಗಳನ್ನು ತೆಗೆದೆ. ಒಂದನೇ ಲಿಫ್ಟ್ 8. ಮೂರನೆಯದು 9. ನಾಲ್ಕನೆಯದು 8. ಎರಡನೆಯದು 31.

ಸವೆದ ಸೀಲಿನ ಸದ್ದನ್ನೇ ಆರೋಗ್ಯ ಎಂದು ಕಲಿಸಿದ್ದೇನೆ. ಈಗ 52. ಎರಡು ಪಟ್ಟೂ ಆಗಿಲ್ಲ, ಹಾಗಾಗಿ ಹಸಿರು. ಸೆನ್ಸರ್ ಸುಳ್ಳು ಹೇಳಿಲ್ಲ, ಕಲಿಸಿದ್ದನ್ನು ಒಪ್ಪಿಸಿದೆ. ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಒಂದು ನಿಮಿಷ ಸಾಕಿತ್ತು. ನೋಡಲಿಲ್ಲ. ಕಾರ್ಡಿನಲ್ಲಿ ದೊಡ್ಡಪ್ಪನ ಸಹಿ ಇತ್ತಲ್ಲ.

ಸೂಪರ್‌ವೈಸರ್ ತೀರ್ಪು ಆಗಲೇ ಕೊಟ್ಟಾಗಿದೆ. “ಸೆನ್ಸರ್ ದಂಡ. ಸೋಮವಾರ ನಾಲ್ಕನ್ನೂ ಕಿತ್ತು ಹಾಕಿ.” ಅಲ್ಲ ಎನ್ನಬೇಕಾದರೆ ಸೀಲ್ ಹೊಸದಾಗಿರಲಿಲ್ಲ ಎನ್ನಬೇಕು. ಹಾಗೆಂದರೆ ದೊಡ್ಡಪ್ಪನ ಹೆಸರು ಹೇಳಿದ ಹಾಗೆ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು.

ಸುಮ್ಮನೆ ಮನೆಗೆ ಬಂದೆ.

ಮಾರ್ಚ್ 29, ಬೆಳಿಗ್ಗೆ

ದೊಡ್ಡಮ್ಮ ಕಣ್ಣಿಗೆ ಹನಿ ಹಾಕುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದೆ.

“ದೊಡ್ಡಪ್ಪ, ಎರಡನೇ ಲಿಫ್ಟಿಗೆ ಹೊಸಾ ಸೀಲ್ ಹಾಕಿದ್ರಾ?”

ಹನಿ ಕೆನ್ನೆ ಮೇಲೆ ಬಿತ್ತು. ಒರೆಸಿಕೊಂಡು ಹೇಳಿದರು.

“ಇಲ್ಲ ಪುಟ್ಟಿ. ಸ್ಟೋರಿಂದ ಬಂದ ಸೀಲಿನ ಅಂಚೇ ಸೀಳಿತ್ತು. ಬೇರೆ ಬರೋಕೆ ಮೂರು ವಾರ. ಅಲ್ಲೀವರೆಗೆ ಲಿಫ್ಟ್ ನಿಲ್ಲಿಸಿದ್ರೆ ಏನ್ಮಾಡ್ತಾರೆ ಗೊತ್ತಲ್ಲ? ಅಂಗಳದಲ್ಲಿ ಬಸ್ಸಿಗೆ ಜಾಕ್ ಕೊಟ್ಟು ಹುಡುಗ್ರನ್ನ ಕೆಳಗೆ ಮಲಗಿಸ್ತಾರೆ. ಅದಕ್ಕಿಂತ ಇದು ವಾಸಿ ಅಂತ ಹಳೇದನ್ನೇ ತೊಳೆದು ಹಾಕ್ದೆ. ಮೂರು ವಾರ ತಾನೇ, ಬಂದ ಕೂಡ್ಲೇ ಬದಲಾಯಿಸೋಣ ಅಂದ್ಕೊಂಡೆ. ಅಷ್ಟರಲ್ಲಿ ಆಸ್ಪತ್ರೆಯವ್ರು ಕರೆದ್ರು.”

“ಮತ್ತೆ ಕೆಳಗಿರೋರು?”

“ಸ್ಟ್ಯಾಂಡ್ ಇಟ್ಟೇ ಇಡ್ತಾರಲ್ಲ. ಹನಿ ಹನಿ ಇಳಿದ್ರೂ ಅದರ ಮೇಲೆ ಕೂರುತ್ತೆ.”

ಆಗ ಹೇಳಿದೆ. ನೋಟಿಸ್ ಬೋರ್ಡಿನಲ್ಲಿ ಬರೆದದ್ದನ್ನೂ, ಅಣ್ಣನ ನೆತ್ತಿಗೆ ಬಸ್ಸು ತಾಗಿದ್ದನ್ನೂ, ಹೇಳದೆ ಮುಚ್ಚಿಟ್ಟದ್ದನ್ನೂ. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

“ಅವನಿಗೆ ಏನಾದ್ರೂ ಆಯ್ತಾ?” ಎಂದಷ್ಟೇ ಕೇಳಿದರು.

“ಇಲ್ಲ.”

ದೊಡ್ಡಮ್ಮ ಹನಿಯ ಬಾಟಲಿ ಹಿಡಿದುಕೊಂಡು ಹಾಗೇ ನಿಂತಿದ್ದರು.

ಮಾರ್ಚ್ 30, ಶನಿವಾರ

ಮೊದಲು ಗೇರ್‌ಬಾಕ್ಸ್ ಅಣ್ಣನಿಗೆ ಹೇಳಬೇಕೆನಿಸಿತು. ತಲೆ ಅವರದು. ಎಲ್ಲ ಹೇಳಿದೆ. ಕೇಳುತ್ತಾ ಕೈ ಒರೆಸಿಕೊಳ್ಳುತ್ತಿದ್ದರು, ಕೈ ಎಂದೋ ಒಣಗಿತ್ತು.

“ನಿಮ್ ದೊಡ್ಡಪ್ಪ ನನಗೋಸ್ಕರ ಸುಳ್ಳು ಬರೆದ್ರು. ನೀನು ನನಗೋಸ್ಕರ ನಿಜ ಅಂದ್ಕೊಂಡು ಬರೆದೆ. ಇಬ್ರೂ ಸೇರಿ ನನ್ನ ಮುಗಿಸ್ತಿದ್ರಿ ಕಣಮ್ಮ.”

ನಗಿಸಲು ಹೇಳಿದರೋ ಏನೋ. ಅವರೂ ನಗಲಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಸ್ಟ್ಯಾಂಡ್ ಹೊರಲು ಹೋದರು. ಇನ್ನೊಂದು ಬದಿ ನಾನು ಹಿಡಿದೆ. ಬೇಡ ಅನ್ನಲಿಲ್ಲ. ಭಾರ ಎಷ್ಟೆಂದು ಇವತ್ತೇ ಗೊತ್ತಾದದ್ದು.

ಮಾರ್ಚ್ 31, ಭಾನುವಾರ. ಬೆಳಿಗ್ಗೆ 9

ದೊಡ್ಡಪ್ಪ ಮುಂದೆ ಕಾಗದ ಇಟ್ಟುಕೊಂಡು ಕರೆದರು. “ಬಾ, ಬರ್ಕೊಡು. ನನಗೆ ಗೆರೆ ಕಾಣಲ್ಲ.”

ಒಂದೊಂದೇ ಮಾತು ಹೇಳಿದರು. ಹೊಸ ಸೀಲ್ ಹಾಕಿಲ್ಲ. ಹಾಕಿದೆನೆಂದು ಸಹಿ ಮಾಡಿದ್ದೇನೆ. ಸೆನ್ಸರಿನ ತಪ್ಪಿಲ್ಲ, ಅದನ್ನು ಕೀಳಬೇಡಿ. ಬರೆದೆ. ಇಷ್ಟು ಸಣ್ಣ ವಾಕ್ಯಗಳು ಇಷ್ಟು ನಿಧಾನವಾಗಿ ನನ್ನ ಕೈಯಿಂದ ಎಂದೂ ಬಂದಿಲ್ಲ.

“ಸ್ಟ್ಯಾಂಡಿನ ತಪ್ಪು ನನ್ನದು ಅಂತ ಸೇರಿಸ್ತೀನಿ” ಎಂದೆ.

“ಸೇರಿಸಬೇಡ.”

“ಮುಚ್ಚಿಡ್ಲಾ?”

“ಮುಚ್ಚಿಡು ಅಂದ್ನಾ? ಇದು ನನ್ನ ಕಾಗದ. ಇದರಲ್ಲಿ ನಿಂದೂ ಬಂದ್ರೆ ನಾನು ನಿನ್ನ ಹಿಂದೆ ಅವಿತ ಹಾಗಿರುತ್ತೆ. ನೀನೂ ನನ್ನ ಹಿಂದೆ ಅವಿತ ಹಾಗೆ. ನಿಂದು ಬೇರೆ ಬರ್ಕೋ.”

ಸಹಿ ಮಾಡುವ ಜಾಗಕ್ಕೆ ಬೆರಳು ಹಿಡಿದು ತೋರಿಸಿದೆ. ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿಯಿತು. ಮಡಿಸಿ ಜೇಬಿಗಿಟ್ಟುಕೊಂಡರು. ದೊಡ್ಡಮ್ಮ ನನ್ನ ಮುಂದೆ ಇನ್ನೊಂದು ಹಾಳೆ ತಂದಿಟ್ಟರು.

9.40

ಎರಡು ಹಾಳೆ ಹರಿದೆ. ಒಂದರಲ್ಲಿ ‘ವ್ಯವಸ್ಥೆ’ ಬಂತು, ಇನ್ನೊಂದರಲ್ಲಿ ‘ದುಡಿಯುವ ವರ್ಗ’. ಆ ಮಾತುಗಳು ಸುಳ್ಳಲ್ಲ. ಆದರೆ ಆ ಇಪ್ಪತ್ತು ನಿಮಿಷ ಸ್ಕೇಲ್ ಹಿಡಿದು ನಿಂತಿದ್ದದ್ದು ವರ್ಗವಲ್ಲ. ಇಲ್ಲೇ ಮೊದಲು ಬರೆದು ನೋಡುತ್ತೇನೆ, ಆಮೇಲೆ ಹಾಳೆಗೆ—

ಮಾನ್ಯರೇ,

ಹಸಿರು ದೀಪವಿದ್ದರೆ ಸ್ಟ್ಯಾಂಡ್ ಬೇಡ ಎಂದು ಬರೆದವಳು ನಾನು.